ಗೋಡೆಗೆ ಮುಖ ಮಾಡಿದ ಫೋಟೋ

ಆ ಶನಿವಾರ ಮಧ್ಯಾಹ್ನದೊಳಗೆ ಮಾಡಿದ ಕೆಲಸಗಳು ಇಷ್ಟು. ಮೊಸರಿಗೆ ಹೆಪ್ಪು ಹಾಕಿದೆ. ಕಟ್ಟಡದ ಮೆಟ್ಟಿಲು ಗುಡಿಸಿ ಒರೆಸಿದೆ. ಆ ವಾರ ಕೇರ್‌ವೊಖೆಯ ಹಲಗೆ ನಮ್ಮ ಬಾಗಿಲಿಗೆ ತೂಗುತ್ತಿತ್ತು, ಅಂದರೆ ಮೆಟ್ಟಿಲಿನ ಪಾಳಿ ನಮ್ಮದು. ಠೇವಣಿ ವಾಪಸ್ ಬರುವ ಖಾಲಿ ಬಾಟಲಿಗಳನ್ನು ಒಯ್ದು ಸೂಪರ್‌ಮಾರ್ಕೆಟ್ಟಿನ ಮಷೀನಿನ ಬಾಯಿಗೆ ಒಂದೊಂದೇ ಹಾಕಿದೆ. ಗಂಡನ ಬಿಳಿ ಅಂಗಿಗೆ ಇಸ್ತ್ರಿ ಹೊಡೆದೆ. ದಸರೆಗೆಂದು ಬಾಲ್ಕನಿಯ ಕುಂಡಗಳಲ್ಲಿ ಬೆಳೆಸಿದ ಚೆಂಡು ಹೂವನ್ನೆಲ್ಲ ಕಿತ್ತು ದಪ್ಪ ದಾರದಲ್ಲಿ ಮಾಲೆ ಕಟ್ಟಿದೆ. ಆ ಮಾಲೆಯನ್ನು ಒಯ್ದು ಒಂದು ಫೋಟೋಕ್ಕೆ ಹಾಕಿದೆ. ಆಮೇಲೆ ಅದನ್ನು ನಾನೇ ತೆಗೆದು ಹೂವು ಬಿಡಿಸಿ ಡಬ್ಬಿಗೆ ತುಂಬಿದೆ. ಇಷ್ಟರಲ್ಲಿ ನೆಟ್ಟಗಾದ ಕೆಲಸ ಮೆಟ್ಟಿಲಿನದೊಂದೇ ಎಂದುಕೊಂಡಿದ್ದೆ. ಕೆಳಗಿನ ಮನೆಯ ಮುದುಕಿ ಮೂಲೆಯಲ್ಲಿ ಧೂಳು ಉಳಿದಿದೆ ಎಂದು ಬೆರಳಿನಿಂದ ತೋರಿಸಿದ ಮೇಲೆ ಅದೂ ಹೋಯಿತು.

ನಾವಿರುವುದು ಜರ್ಮನಿಯಲ್ಲಿ. ನನ್ನ ಗಂಡ ಫೊಯರ್‌ಬಾಕ್‌ನ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್. ಇಬ್ಬರೂ ಹುಬ್ಬಳ್ಳಿ ಕಡೆಯವರು. ಮಗಳು ಡಾರ್ಮ್‌ಸ್ಟಾಟ್‌ನಲ್ಲಿ ಓದುತ್ತಾಳೆ. ಗಂಡನಿಗೆ ಕ್ಯಾಮೆರಾದ ಹುಚ್ಚು; ಅದರಲ್ಲಿಯೂ ಟಿಬೆಟಿಯರ ಊರು, ಅಡುಗೆಮನೆ, ಮಠಗಳ ಹುಚ್ಚು. ನಮ್ಮ ಕಟ್ಟಡದವರು ರಜೆಯಲ್ಲಿ ಇಟಲಿಯ ಸಮುದ್ರಕ್ಕೆ ಹೋಗಿ ಮೈ ಸುಟ್ಟುಕೊಂಡು ಬಂದರೆ, ನಾವು ಲಡಾಖಿಗೆ, ಸ್ಪಿತಿಗೆ ಹೋಗಿ ತುಟಿ ಒಡೆಸಿಕೊಂಡು ಬರುತ್ತಿದ್ದೆವು. ಆ ಪ್ರವಾಸಗಳಲ್ಲಿ ನಾನು ಹೆಚ್ಚಾಗಿ ನೋಡಿದ್ದು ಅವರ ಬೆನ್ನು. ಕ್ಯಾಮೆರಾದ ಸ್ಟ್ಯಾಂಡ್ ಹಿಡಿದುಕೊಂಡು, ಹೆಗಲಿಗೆ ಲೆನ್ಸಿನ ಚೀಲ ಹಾಕಿಕೊಂಡು, ಯಾವುದೋ ಸ್ತೂಪದ ನೆರಳಿನಲ್ಲಿ ನಿಂತಿರುತ್ತಿದ್ದೆ. ‘ತಡಿ, ಬೆಳಕು ಬರ್ಲಿ’ ಎನ್ನುವುದು ಅವರ ಮಾತು. ಬೆಳಕು ಬರುವಷ್ಟರಲ್ಲಿ ಬಸ್ಸು ಹೋಗಿರುತ್ತಿತ್ತು.

ಫೋಟೋಗಳು ಚೆನ್ನಾಗಿವೆ, ಅದನ್ನು ಒಪ್ಪುತ್ತೇನೆ. ಒಲೆಯ ಹಿಂದೆ ಸಾಲಾಗಿ ಹೊಳೆಯುವ ಹಿತ್ತಾಳೆಯ ಪಾತ್ರೆಗಳು, ಹೊಳೆಯ ಕಲ್ಲಿನ ಮೇಲೆ ಕೆಂಪು ಬಟ್ಟೆ ತುಳಿದು ಒಗೆಯುವ ಚಿಕ್ಕ ಭಿಕ್ಷುಗಳು, ಮಠದ ಬಾಗಿಲಲ್ಲಿ ರಾಶಿ ಬಿದ್ದ ಚಪ್ಪಲಿಗಳು. ಅದನ್ನೆಲ್ಲ ಇಲ್ಲಿಯ ಮಂದಿಗೆ ತೋರಿಸಬೇಕು ಎನ್ನುವುದು ಅವರ ಬಹಳ ದಿನದ ಆಸೆ. ಕೇಳಿದ ಕಡೆಯೆಲ್ಲ ಆಗುವುದಿಲ್ಲ ಎನಿಸಿಕೊಂಡು, ಕೊನೆಗೆ ಟ್ರಾಮಿನಲ್ಲಿ ಸ್ವಲ್ಪ ದೂರದ ಒಂದು ಸಣ್ಣ ಸಭಾಂಗಣದವರು ಗೋಡೆ ಕೊಟ್ಟರು. ಆ ಶನಿವಾರ ಮಧ್ಯಾಹ್ನವೇ ಉದ್ಘಾಟನೆ ಇತ್ತು.

ಎಲ್ಲದರ ನಡುವೆ ಒಂದು ದೊಡ್ಡ ಫೋಟೋ. ಅದು ಲಡಾಖಿನದಲ್ಲ. ನಮ್ಮ ಮುಂಡಗೋಡದ್ದು.

ಇಲ್ಲಿ ನನಗೊಬ್ಬ ಟಿಬೆಟಿ ಗೆಳತಿ ಇದ್ದಾಳೆ. ನನಗಿಂತ ಚಿಕ್ಕವಳು, ಒಂದು ಅಲ್ಟೆನ್‌ಹೈಮ್‌ನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ. ಹುಟ್ಟಿ ಬೆಳೆದದ್ದು ಮುಂಡಗೋಡದ ಟಿಬೆಟಿ ಕ್ಯಾಂಪಿನಲ್ಲಿ. ಪರಿಚಯವಾದದ್ದು ಇಂಡಿಯನ್ ಅಂಗಡಿಯಲ್ಲಿ. ನಾನು ಫೋನಿನಲ್ಲಿ ತಂಗಿಯ ಹತ್ತಿರ, ‘ಇಲ್ಲಿ ಮೆಂತೆ ಪಲ್ಲೆ ಅಂದ್ರ ಬಂಗಾರ ಆಗೇತಿ ನೋಡ’ ಎಂದು ಗೊಣಗುತ್ತಿದ್ದಾಗ ಹಿಂದಿನಿಂದ ಯಾರೋ, ‘ಅದೂ ಬಾಡಿದ್ದು ಅಕ್ಕಾ, ತಗೋಬ್ಯಾಡ್ರಿ’ ಎಂದರು. ತಿರುಗಿ ನೋಡಿದರೆ ಇವಳು. ಮುಂಡಗೋಡದ ಸಂತೆಯಲ್ಲಿ ಕಲಿತ ಕನ್ನಡ. ನನ್ನ ಮಗಳ ಕನ್ನಡಕ್ಕಿಂತ ಗಟ್ಟಿ.

ಅವಳ ತಾಯಿ ಕ್ಯಾಂಪಿನಲ್ಲಿಯೇ ಇದ್ದರು. ಹಿಂದಿನ ಸಲ ಊರಿಗೆ ಹೋದಾಗ ಅವಳು ತಾಯಿಗೆಂದು ಕೊಟ್ಟ ಉಣ್ಣೆಯ ಕೋಟು, ಮೊಣಕಾಲಿಗೆ ಹಚ್ಚುವ ಮುಲಾಮು ತೆಗೆದುಕೊಂಡು ನಾವು ಮುಂಡಗೋಡಕ್ಕೆ ಹೋದೆವು. ಅಂಗಳದಲ್ಲಿ ಗೋವಿನಜೋಳದ ತೆನೆ ಒಣಗಿಸಿದ್ದರು. ಉಪ್ಪು ಬೆಣ್ಣೆ ಹಾಕಿದ ಚಹಾ ಕೊಟ್ಟರು. ನಾನು ಅದನ್ನು ಸಾರು ಎಂದುಕೊಂಡು ಕುಡಿದೆ, ಆಗ ಸರಿ ಹೋಯಿತು. ಫೋಟೋ ತೆಗೆಯುತ್ತೇನೆ ಎಂದು ಗಂಡ ಕೇಳಿದ್ದಕ್ಕೆ ಮುದುಕಿ ಒಳಗೆ ಹೋಗಿ ಮುಖ ತೊಳೆದು, ಪಟ್ಟೆ ಪಟ್ಟೆಯ ಹೊಸ ಏಪ್ರನ್ ಕಟ್ಟಿಕೊಂಡು ಬಂದರು. ಆದರೆ ಸ್ತೂಪದ ಪ್ರದಕ್ಷಿಣೆ ಮುಗಿಯುವ ತನಕ ನಿಲ್ಲುವುದಿಲ್ಲ ಎಂದರು. ಅವತ್ತು ಗಂಡ ಬೆಳಕಿಗೆ ಕಾಯಲಿಲ್ಲ, ಮುದುಕಿಗೆ ಕಾದರು. ಕೈಯಲ್ಲಿ ಪ್ರಾರ್ಥನಾ ಚಕ್ರ ತಿರುಗಿಸುತ್ತ, ಕಡೆಯ ಸುತ್ತಿನಲ್ಲಿ ಅವರು ನಮ್ಮ ಕಡೆ ನೋಡಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕರು. ಆ ನಗುವೇ ನಡುವಿನ ಫೋಟೋ, ಅದೇ ಪೋಸ್ಟರ್, ಅದೇ ಆಮಂತ್ರಣ. ಮಗಳು ವಿನ್ಯಾಸ ಮಾಡಿದ ಪೋಸ್ಟರನ್ನು ತೋರಿಸಿದಾಗ ಗೆಳತಿ ಚಪ್ಪಾಳೆ ಹೊಡೆದಿದ್ದಳು.

ಪೋಸ್ಟರ್ ಅಂಟಿಸಿದ ಮೇಲೆ ಮುದುಕಿ ತೀರಿಹೋದರು. ನನಗೆ ಗೊತ್ತಾದದ್ದು ಶುಕ್ರವಾರ, ಇಂಡಿಯನ್ ಅಂಗಡಿಯವನಿಂದ. ಹೋಗಿ ವಾರದ ಮೇಲಾಗಿತ್ತಂತೆ. ಗೆಳತಿಗೆ ಫೋನ್ ಮಾಡಿದರೆ ಎತ್ತಲಿಲ್ಲ. ಪಾಪ, ದುಃಖದಲ್ಲಿದ್ದಾಳೆ ಎಂದುಕೊಂಡೆ. ಗಂಡನಿಗೆ ಹೇಳಿದೆ. ಆಮೇಲೆ ಅವರೇ, ‘ಒಂದು ಮಾಲಿ ಹಾಕೂಣು. ಮಂದಿ ಮುಂದ ಮರ್ಯಾದಿ ಕೊಟ್ಟಂಗ ಆಗತೈತಿ’ ಎಂದರು. ನನಗೂ ಅದೇ ಸರಿ ಕಂಡಿತು. ನಮ್ಮ ಮನೆಗಳಲ್ಲಿ ಇನ್ನೇನು ಮಾಡುತ್ತಾರೆ? ಹೋದವರ ಫೋಟೋ ಒರೆಸಿ, ಕುಂಕುಮ ಹಚ್ಚಿ, ಮಾಲೆ ಹಾಕಿ, ಬಂದವರ ಕಣ್ಣಿಗೆ ಬೀಳುವ ಹಾಗೆ ಇಡುತ್ತೇವೆ. ಕುಂಕುಮ ಒಂದನ್ನು ಬಿಟ್ಟೆ. ಅವರಲ್ಲಿ ಹಚ್ಚುತ್ತಾರೋ ಇಲ್ಲವೋ ಎಂದು. ಅಷ್ಟು ವಿಚಾರ ಮಾಡಿದವಳು ಇನ್ನೊಂದು ಸ್ವಲ್ಪ ಮಾಡಿದ್ದರೆ ಆಗುತ್ತಿತ್ತು.

ಬೆಳಿಗ್ಗೆ ಹೋಗಿ ಮಾಲೆ ಹಾಕಿದೆವು. ಬೆಂಕಿ ಹಚ್ಚುವುದಕ್ಕೆ ಅಪ್ಪಣೆ ಇಲ್ಲದ್ದರಿಂದ ಬ್ಯಾಟರಿಯ ದೀಪ ಇಟ್ಟೆ. ಕೇಸರಿ ಹೂವಿನ ನಡುವೆ ಆ ನಗು ಇನ್ನೂ ಚೆಂದ ಕಾಣುತ್ತಿತ್ತು. ಗಂಡ ನಾಲ್ಕು ಹೆಜ್ಜೆ ಹಿಂದೆ ಸರಿದು, ತಲೆ ಓರೆ ಮಾಡಿ, ‘ಹಾಂ’ ಎಂದರು. ಅವರ ಬಾಯಿಂದ ಅದು ದೊಡ್ಡ ಹೊಗಳಿಕೆ.

ಆಗ ಗೆಳತಿ ಬಂದಳು. ಅಲ್ಟೆನ್‌ಹೈಮ್‌ನ ನೀಲಿ ಅಂಗಿಯ ಮೇಲೆ ಜಾಕೆಟ್ ಹಾಕಿದ್ದಳು. ರಾತ್ರಿ ಪಾಳಿ ಮುಗಿಸಿ ನೆಟ್ಟಗೆ ಬಂದಿದ್ದಳು. ಬಾಗಿಲಲ್ಲೇ ಫೋಟೋ ಕಂಡಿತು. ಕೈಯಿಂದ ಬಾಯಿ ಮುಚ್ಚಿಕೊಂಡು ಮುಖ ತಿರುಗಿಸಿದಳು. ಅಳುತ್ತಿದ್ದಾಳೆ ಎಂದುಕೊಂಡು ನಾನು ಬೆನ್ನ ಮೇಲೆ ಕೈಯಿಟ್ಟೆ.

‘ಅತ್ತ ಬಿಡ ತಂಗಿ, ಹಗುರ ಆಗತೈತಿ.’

‘ಅಳಾಕತ್ತಿಲ್ಲ ಅಕ್ಕಾ. ಅದನ್ನ ತಗೀರಿ.’

‘ಏನು, ಮಾಲಿ?’

‘ಮಾಲಿ, ದೀಪ, ಫೋಟೋ. ಎಲ್ಲಾ ತಗೀರಿ.’

ನನಗೆ ತಿಳಿಯಲಿಲ್ಲ. ಹೂವು ತಪ್ಪಾಯಿತೇನೋ, ಬಿಳಿ ರೇಷ್ಮೆ ವಸ್ತ್ರ ಹಾಕಬೇಕಿತ್ತೇನೋ ಎಂದು ತೊದಲಿದೆ. ಅವಳು ನನ್ನನ್ನು ಹೊರಗಿನ ಪಡಸಾಲೆಗೆ ಕರೆದುಕೊಂಡು ಹೋಗಿ, ಗೋಡೆಗೆ ಬೆನ್ನು ಹಚ್ಚಿ ನಿಂತು ಹೇಳಿದಳು.

‘ನಿಮ್ಮಾಗ ಹೋದೋರ ಫೋಟೋ ಇಡ್ತೀರಿ, ನಂಗ ಗೊತ್ತೈತಿ. ಮುಂಡಗೋಡದಾಗ ಕಿರಾಣಿ ಅಂಗಡಿ ಅಜ್ಜಾಂದು ಮಾಲಿ ಹಾಕಿದ ಫೋಟೋ ನೋಡಕೋತನ ನಾ ಸಾಲಿಗೆ ಹೋಗ್ತಿದ್ದೆ. ನಮ್ಮ ಮನ್ಯಾಗ ಹಂಗಿಲ್ಲ ಅಕ್ಕಾ. ಏಳು ವಾರ ಹೆಸರು ತಗೊಳ್ಳೂದಿಲ್ಲ. ಮುಖಾ ನೋಡೂದಿಲ್ಲ. ಫೋಟೋ ಎಲ್ಲಾ ಒಳಗ ಇಡ್ತೀವಿ. ಅಕಿ ಈಗ ಹಾದ್ಯಾಗ ಅದಾಳ. ನಾವು ಕರದ್ರ ಹಿಂದ ತಿರುಗಿ ನೋಡ್ತಾಳ, ಹೋಗೂದು ಬಿಟ್ಟು ನಿಂತಬಿಡ್ತಾಳ. ಟಿಬೆಟಿ ಮಂದಿ ಎಲ್ಲಾರೂ ಹಿಂಗ ಮಾಡ್ತಾರಂತಲ್ಲ. ನಮ್ಮ ಮನಿತನದಾಗ ಮಾಡ್ತಾರ. ಅಜ್ಜಿ ಹೋದಾಗ ಅಜ್ಜಿ ಫೋಟೋ ಎಲ್ಲಾ ಅಕಿನ ತಗದು ಅಕ್ಕಿ ಡಬ್ಬಿಯಾಗ ಇಟ್ಟಿದ್ದಳು.’

ಒಮ್ಮೆಯೂ ಅವ್ವ ಎನ್ನಲಿಲ್ಲ. ಅಕಿ, ಅಕಿ ಎಂದಷ್ಟೇ.

‘ನೀ ಊರಿಗೆ ಹೋಗಲಿಲ್ಲಲ?’ ಎಂದೆ.

‘ಹೆಂಗ ಹೋಗ್ಲಿ? ಪ್ರಯಾಣದ ಕಾಗದಾ ಆಫೀಸಿನಾಗ ಕುಂತೈತಿ. ಕೇಳಿದ್ರ ಇನ್ನೂ ಆಗಿಲ್ಲ ಅಂತಾರ. ಕ್ಯಾಂಪಿನಾಗ ಲಾಮಾಗೋಳು ಪೂಜಾ ಮಾಡಾಕತ್ತಾರ. ಇಲ್ಲಿಂದ ನಾ ಮಾಡೂದು ಅಂದ್ರ ಇದೊಂದ. ಕರೀದ ಇರೂದು. ಬ್ಯಾಕರಿ ಕಿಡಕ್ಯಾಗ ಅಕಿ, ಔಷಧಿ ಅಂಗಡ್ಯಾಗ ಅಕಿ. ಇಲ್ಲಿ ಬಂದ್ರ ಮಾಲಿ ಹಾಕೊಂಡು ನಕ್ಕೋತ ನಿಂತಾಳ. ಊರ ಮಂದಿ ಎಲ್ಲಾ ಕರದಂಗ ಆಗೂದಿಲ್ಲೇನ ಅಕ್ಕಾ?’

ನಾನು ಒಳಗೆ ಹೋಗಿ ಮೊದಲು ಮಾಲೆ ತೆಗೆದೆ, ದೀಪದ ಗುಂಡಿ ಒತ್ತಿ ಆರಿಸಿದೆ. ಫೋಟೋ ಮಾತ್ರ ತೆಗೆಯಲು ಬರಲಿಲ್ಲ. ಚೌಕಟ್ಟು ಮೇಲಿನ ಪಟ್ಟಿಯಿಂದ ಎರಡು ಉಕ್ಕಿನ ತಂತಿಗಳಲ್ಲಿ ತೂಗುತ್ತಿತ್ತು, ಯಾರೂ ಕದಿಯಬಾರದೆಂದು ತಂತಿಯ ಕೊಕ್ಕೆಗೆ ಬೀಗ. ಶುಕ್ರವಾರ ಅದನ್ನೆಲ್ಲ ತೂಗುಹಾಕಿದ್ದು ಅಲ್ಲಿಯ ಹೌಸ್‌ಮೈಸ್ಟರ್. ಕಟ್ಟಡದ ರಿಪೇರಿ ಕೆಲಸದವನು; ಕೀಲಿ ಅವನ ಹತ್ತಿರ.

ಗಂಡನಿಗೆ ಹೇಳಿದೆ. ಅವರು ಸಭಾಂಗಣದ ಸಣ್ಣ ಅಡುಗೆಮನೆಯಲ್ಲಿ ಗಾಜಿನ ಲೋಟ ಒರೆಸುತ್ತಿದ್ದರು. ಕೇಳಿದ ಮೇಲೂ ಒರೆಸುತ್ತಲೇ ಇದ್ದರು.

‘ಅಕಿನ ಒಪ್ಪಿದ್ದಳಲ್ಲ’ ಎಂದರು.

‘ಆಗ ಅವರಿದ್ದರು.’

‘ಫೋಟೋ ಏನರೆ ಬದಲಾಗೇತೇನ?’

‘ಫೋಟೋ ಬದಲಾಗಿಲ್ಲ. ಅವರು ಸತ್ತಾರ.’

‘ಆಮಂತ್ರಣದ ಮ್ಯಾಲೆ ಅದ ಐತಿ. ನನ್ನ ಭಾಷಣಾ ಪೂರ್ತಿ ಅದರ ಮ್ಯಾಲೆ ಐತಿ. ಜರ್ಮನ್‌ದಾಗ ಬಾಯಿಪಾಠ ಮಾಡೀನಿ. ಎಷ್ಟು ವರ್ಷದಿಂದ ಕಾಯಾಕತ್ತೀನಿ ನಿಂಗೊತ್ತಿಲ್ಲೇನ?’

‘ಗೊತ್ತೈತಿ. ನಾನೂ ಕಾದೀನಿ, ಸ್ಟ್ಯಾಂಡ್ ಹಿಡಕೊಂಡು.’

‘ಹೂಂ, ತಗದ್ಲಪಾ ಸ್ಟ್ಯಾಂಡು!’ ಎಂದು ಲೋಟವನ್ನು ಠಕ್ಕನೆ ಇಟ್ಟರು.

ಅಷ್ಟರಲ್ಲಿ ಗೆಳತಿ ಅಡುಗೆಮನೆಯ ಬಾಗಿಲಿಗೆ ಬಂದು, ‘ಇರಲಿ ಬಿಡ್ರಿ ಸರ್, ನಿಮ್ಮ ಕಾರ್ಯಕ್ರಮ ಆಗ್ಲಿ’ ಎಂದಳು. ಜಗಳವಾಡಿದ್ದರೆ ಗಂಡನಿಗೂ ಒಂದು ಮಾತು ಸಿಗುತ್ತಿತ್ತು. ಅವಳು ಪಡಸಾಲೆಗೆ ಹೋಗಿ, ಮಕ್ಕಳು ಬೂಟು ಬಿಚ್ಚಲು ಇಟ್ಟ ಗಿಡ್ಡ ಬೆಂಚಿನ ಮೇಲೆ ಮೊಣಕಾಲು ಎದೆಗೆ ಬರುವಂತೆ ಕೂತು ಜಪಮಣಿ ಎಣಿಸತೊಡಗಿದಳು. ಗಂಡ ನನ್ನ ಮುಖ ನೋಡದೆ ಬಂದವರಿಗೆ ಕೊಡುವ ಬ್ರೆಟ್ಸೆಲ್ ಎಂಬ ಉಪ್ಪಿನ ಬ್ರೆಡ್ಡು ತರಲು ಹೋದರು.

ನಾನು ಸಭಾಂಗಣ ನೋಡಿಕೊಳ್ಳುವ ಹೆಂಗಸಿನ ಹತ್ತಿರ ಹೋದೆ. ಕನ್ನಡಕ, ಬೂದು ಕೂದಲು, ಮೇಜಿನ ಮೇಲೆ ಒಂದು ಕಳ್ಳಿಗಿಡ. ನನ್ನ ಜರ್ಮನ್ ಅಂಗಡಿ ಮತ್ತು ಡಾಕ್ಟರರ ಮಟ್ಟದ್ದು. ಸಾವಿನ ವಿಷಯ ಅದರಲ್ಲಿ ಹಿಡಿಸಲಿಲ್ಲ. ಆದರೂ ಹೇಳಿದೆ. ಆಕೆ ಎಲ್ಲ ಕೇಳಿ, ನಿಜವಾಗಿಯೂ ಮರುಗಿ, ಎದೆಗೆ ಕೈಯಿಟ್ಟುಕೊಂಡು, ‘ಹೌಸ್‌ಮೈಸ್ಟರ್ ಮಂಗಳವಾರ ಬರುತ್ತಾನೆ’ ಎಂದಳು.

‘ಫೋನ್?’

‘ರಜೆಯಲ್ಲಿ ಅವನು ಫೋನ್ ಎತ್ತುವುದಿಲ್ಲ.’

‘ಇನ್ನೊಂದು ಕೀಲಿ?’

‘ಇದೆ. ಅದೂ ಅವನ ಹತ್ತಿರವೇ ಇದೆ.’

ಹಾಗಾದರೆ ಬಟ್ಟೆ ಮುಚ್ಚುತ್ತೇನೆ ಎಂದು ಕೊರಳಿನ ದುಪಟ್ಟಾ ತೆಗೆದೆ. ಆಕೆ ಗಾಬರಿಯಾಗಿ ಎದ್ದು ನಿಂತಳು. ಬ್ರಾಂಡ್‌ಶುಟ್ಸ್! ಬೆಂಕಿಯ ನಿಯಮ. ಜನ ಸೇರುವ ಕೋಣೆಯಲ್ಲಿ ಪ್ರಮಾಣಪತ್ರವಿಲ್ಲದ ಬಟ್ಟೆ ತೂಗುಹಾಕುವಂತಿಲ್ಲವಂತೆ. ಈ ದೇಶದಲ್ಲಿ ದುಪಟ್ಟಾಕ್ಕೂ ಪ್ರಮಾಣಪತ್ರ. ಕಾಗದ ಅಂಟಿಸಿದರೆ? ಗಾಜಿನ ಮೇಲೆ ಅಂಟು ಉಳಿಯುತ್ತದೆ. ಅಲ್ಲೇ ಕೂತು ಅಳಬೇಕು ಎನಿಸಿತು, ದುಃಖಕ್ಕಲ್ಲ, ಸಿಟ್ಟಿಗೆ.

ಪೋಸ್ಟರಾದರೂ ತೆಗೆಯೋಣ ಎಂದು ಹೊರಗೆ ಬಿದ್ದೆ. ಬೇಕರಿಯ ಕಿಟಕಿಯದನ್ನು ಉಗುರಿನಿಂದ ಕೆರೆದು ತೆಗೆಯುತ್ತಿದ್ದಾಗ ಒಳಗಿನ ಹುಡುಗಿ ಬಂದು, ಪ್ರದರ್ಶನ ರದ್ದಾಯಿತೇ ಎಂದು ಕೇಳಿದಳು. ಇಲ್ಲ ಎಂದೆ. ಹಾಗಾದರೆ ಏಕೆ ತೆಗೆಯುತ್ತೀರಿ ಎಂದಳು. ಅವಳಿಗೂ ಹೇಳುವಷ್ಟು ಜರ್ಮನ್ ಉಳಿದಿರಲಿಲ್ಲ. ಟ್ರಾಮ್ ನಿಲ್ದಾಣದ ಹತ್ತಿರದ್ದು ಮಳೆಗೆ ನೆನೆದು ಸುಲಭವಾಗಿ ಬಂತು. ಔಷಧಿ ಅಂಗಡಿ ಮುಚ್ಚಿತ್ತು, ಶನಿವಾರ ಅರ್ಧ ದಿನ. ಪೋಸ್ಟರ್ ಗಾಜಿನ ಒಳಬದಿಗಿತ್ತು. ಒಳಗಿನಿಂದ ಮುದುಕಿ ನಗುತ್ತಿದ್ದರು, ಹೊರಗೆ ನಾನು ಗಾಜು ತಟ್ಟುತ್ತಿದ್ದೆ. ಸೋಮವಾರದ ತನಕ ಅದು ಹಾಗೆಯೇ.

ಮಗಳಿಗೆ ಫೋನ್ ಮಾಡಿದೆ. ಅವಳೂ ಆ ಫೋಟೋವನ್ನು ಇನ್‌ಸ್ಟಾಗ್ರಾಮಿನಲ್ಲಿ ಹಾಕಿದ್ದಳು. ಹೇಳಿ ಮುಗಿಸುವಷ್ಟರಲ್ಲಿ, ‘ಡಿಲೀಟೆಡ್ ಅಮ್ಮಾ. ಫೆರ್ಟಿಶ್’ ಎಂದಳು.

‘ಆತೇನ?’

‘ಆತು. ಒನ್ ಟ್ಯಾಪ್. ಪಪ್ಪಾ ಏನಂತಾನ?’

‘ಸಿಟ್ಟಾಗ್ಯಾರ.’

‘ಟೆಲ್ ಹಿಮ್ ಇಟ್ಸ್ ನಾಟ್ ಹಿಸ್ ಓಮಾ.’

ಓಮಾ ಎಂದರೆ ಅಜ್ಜಿ. ಮೂರು ಭಾಷೆ ಕಲಸಿದರೂ ಹುಡುಗಿ ಕೆಲವೊಮ್ಮೆ ನೆಟ್ಟಗೆ ಮಾತಾಡುತ್ತಾಳೆ.

ಸಭಾಂಗಣಕ್ಕೆ ಮರಳುವ ದಾರಿಯಲ್ಲಿ ಮುದುಕಿಯ ಅಕ್ಕಿ ಡಬ್ಬಿಯ ಮಾತು ತಲೆಯಲ್ಲಿ ಸುತ್ತುತ್ತಿತ್ತು. ಅಲ್ಲಿ ಡಬ್ಬಿ ಇತ್ತು, ಮುಚ್ಚಳ ಹಾಕಿದರೆ ಮುಗಿಯಿತು. ಇಲ್ಲಿ ತೆಗೆಯುವ ಹಾಗಿಲ್ಲ, ಮುಚ್ಚುವ ಹಾಗಿಲ್ಲ. ಬಾಗಿಲು ದಾಟುವಾಗ ಇನ್ನೊಂದು ಪ್ರಶ್ನೆ ಹೊಳೆಯಿತು. ನೆಟ್ಟಗೆ ಕಳ್ಳಿಗಿಡದ ಮೇಜಿಗೆ ಹೋದೆ.

‘ತಿರುಗಿಸಿದರೆ?’

‘ಏನನ್ನು?’

‘ಫೋಟೋವನ್ನು. ಗೋಡೆಯ ಕಡೆಗೆ.’

ಆಕೆ ಕನ್ನಡಕ ತೆಗೆದಳು. ಬಹಳ ಹೊತ್ತು ಕಳ್ಳಿಗಿಡ ನೋಡಿದಳು. ‘ತಿರುಗಿಸುವುದರ ಬಗ್ಗೆ ನಿಯಮ ಏನೂ ಇಲ್ಲ’ ಎಂದಳು. ಅಷ್ಟೇ ಅಲ್ಲ, ಎದ್ದು ಬಂದು ಒಂದು ಬದಿ ಹಿಡಿದಳು.

ಇಬ್ಬರೂ ಚೌಕಟ್ಟನ್ನು ಗೋಡೆಯಿಂದ ಮುಂದೆ ಎಳೆದು ಅರ್ಧ ಸುತ್ತು ತಿರುಗಿಸಿದೆವು. ಮೇಲೆ ಎರಡು ತಂತಿಗಳು ಜಡೆಯ ಮೊದಲ ಹೆಣಿಗೆಯ ಹಾಗೆ ಒಂದರ ಮೇಲೊಂದು ಬಿದ್ದವು. ಕಂದು ಬಣ್ಣದ ಹಿಂಬದಿಯ ಹಲಗೆ ಈ ಕಡೆಗೆ ಬಂತು. ಕೈ ಬಿಟ್ಟೆವು. ಚೌಕಟ್ಟು ಒಂದು ಕ್ಷಣ ಸುಮ್ಮನಿದ್ದು, ಮೆಲ್ಲಗೆ ಗಿರ್ರನೆ ಹಿಂದಕ್ಕೆ ತಿರುಗಿ, ಮುದುಕಿ ಮತ್ತೆ ನಮ್ಮ ಕಡೆ ನೋಡಿ ನಕ್ಕರು. ಇನ್ನೊಮ್ಮೆ ತಿರುಗಿಸಿದೆವು, ಇನ್ನೊಮ್ಮೆ ನಕ್ಕರು. ಪಡಸಾಲೆಯಲ್ಲಿ ಗೆಳತಿ ಬೆನ್ನು ಮಾಡಿ ಕೂತಿದ್ದಳು, ಪುಣ್ಯ, ನೋಡಲಿಲ್ಲ.

ಕಟ್ಟಬೇಕು, ದಾರ ಬೇಕು. ಕೈಯಲ್ಲಿ ಇದ್ದದ್ದು ಆ ಮಾಲೆಯೊಂದೇ. ನೆಲದ ಮೇಲೆ ಕೂತು ಹೂವನ್ನೆಲ್ಲ ಬಿಡಿಸಿ, ಬುತ್ತಿಯ ಡಬ್ಬಿಗೆ ಹಾಕಿದೆ. ದಾರವನ್ನು ಚೌಕಟ್ಟಿನ ಕೆಳಗಿನ ಮೂಲೆಗೆ ಸಿಕ್ಕಿಸಿ, ಗೋಡೆಯ ಬುಡದಲ್ಲಿ ಹೋಗುವ ಹೀಟರಿನ ಪೈಪಿಗೆ ಬಿಗಿದೆ. ನಿಂತಿತು. ಹೂವಿನ ರಸ ಹತ್ತಿ ದಾರ ಅಲ್ಲಲ್ಲಿ ಹಳದಿಯಾಗಿತ್ತು.

ಅಷ್ಟರಲ್ಲಿ ಗಂಡ ಬ್ರೆಟ್ಸೆಲ್ಲಿನ ಪೆಟ್ಟಿಗೆಗಳನ್ನು ಗದ್ದಕ್ಕೆ ಒತ್ತಿಕೊಂಡು ಬಂದರು. ನಡುಗೋಡೆಯ ಮೇಲೆ ಹಲಗೆ ನೋಡಿದರು.

‘ಯಾರ ಮಾಡಿದ್ದು ಇದು?’

‘ನಾ.’

ಪೆಟ್ಟಿಗೆ ಕೆಳಗಿಟ್ಟು ನೆಟ್ಟಗೆ ಫೋಟೋದ ಹತ್ತಿರ ಹೋಗಿ ದಾರಕ್ಕೆ ಕೈ ಹಚ್ಚಿದರು. ಬಿಚ್ಚುತ್ತಾರೆ ಎಂದುಕೊಂಡೆ. ಬಿಚ್ಚಲಿ, ಆಮೇಲೆ ಇದೆ ಎಂದು ನಾನೂ ಸೊಂಟಕ್ಕೆ ಕೈಯಿಟ್ಟು ನಿಂತೆ. ಪಡಸಾಲೆಯ ಬಾಗಿಲಲ್ಲಿ ಗೆಳತಿ ಬಂದು ನಿಂತಿದ್ದಳು. ಗಂಡ ಅವಳನ್ನು ನೋಡಿದರು. ಮೇಲೆ ತಂತಿಗಳನ್ನು ನೋಡಿದರು. ಕೆಳಗೆ ನನ್ನ ಗಂಟನ್ನು ನೋಡಿದರು. ಅವರ ಬೆರಳು ಗಂಟಿನ ಮೇಲೆಯೇ ಇತ್ತು.

‘ಇದೇನ್ ಗಂಟ?’ ಎಂದರು. ‘ಆಕಳಾ ಕಟ್ಟೂ ಗಂಟು. ತಾಸಿನಾಗ ಜಾರತೈತಿ. ಒಂದ ಕಡೆ ಎಳದ್ರ ಭಾರಾ ಎಲ್ಲಾ ಒಂದ ತಂತಿ ಮ್ಯಾಲೆ ಬೀಳತೈತಿ, ತಿಳೀತೇನ?’

ನೆಲದ ಮೇಲೆ ಕೂತು ಬಿಚ್ಚಿ, ದಾರವನ್ನು ಎರಡು ಮೂಲೆಗೂ ಸಮನಾಗಿ ಹಾಯಿಸಿ, ತಮ್ಮ ರೀತಿಯಲ್ಲಿ ಕಟ್ಟಿದರು. ಜಗ್ಗಿ ನೋಡಿದರು. ಸಾಲದೆಂದು ಕ್ಯಾಮೆರಾದ ಪಟ್ಟಿಯನ್ನು ಬಿಚ್ಚಿ ಅದನ್ನೂ ಸುತ್ತಿದರು. ಎದ್ದು ಬಿಳಿ ಅಂಗಿಯ ಮೊಣಕೈಯ ಧೂಳು ಝಾಡಿಸಿದರು. ಬೆಳಿಗ್ಗೆ ಇಸ್ತ್ರಿ ಹೊಡೆದ ಅಂಗಿ. ಆಮೇಲೆ ಇಡೀ ದಿನ ನನ್ನ ಹತ್ತಿರ ಮಾತಾಡಲಿಲ್ಲ.

ಜನ ಬಂದರು. ಕಾರ್ಖಾನೆಯ ಸಹೋದ್ಯೋಗಿಗಳು, ನಮ್ಮ ಕೆಳಗಿನ ಮನೆಯ ಮುದುಕಿ, ಆಮಂತ್ರಣದ ನಗು ನೋಡಿ ಬಂದ ಅಪರಿಚಿತರು. ಭಾಷಣ ಕೆಟ್ಟಿತು. ಬಾಯಿಪಾಠದ ನಡುಭಾಗ ಹೋಗಿತ್ತಲ್ಲ. ಗಂಡ ಲಡಾಖಿನಿಂದ ಸ್ಪಿತಿಗೆ ಹೋಗಿ, ದಾರಿ ತಪ್ಪಿ, ಮತ್ತೆ ಲಡಾಖಿಗೆ ಬಂದರು. ಕೊರಳು ಬೆವರಿತ್ತು. ಮುಗಿದ ಮೇಲೆ ಒಬ್ಬ ಎತ್ತರದ ಮುದುಕ ಹಲಗೆಯ ಮುಂದೆ ನಿಂತು, ಇದು ಕಲೆಯೇ ಎಂದು ಕೇಳಿದ. ಆಮಂತ್ರಣದ ಅಜ್ಜಿ ಎಲ್ಲಿ ಎಂದು ಇನ್ನೊಬ್ಬಾಕೆ. ಗಂಡ ನನ್ನ ಕಡೆ ನೋಡಲಿಲ್ಲ, ಗೆಳತಿಯ ಕಡೆಗೂ ನೋಡಲಿಲ್ಲ. ‘ಸದ್ಯಕ್ಕೆ ಅವರನ್ನು ನೋಡುವ ಹಾಗಿಲ್ಲ. ಮನೆಯವರು ಬೇಡ ಎಂದಿದ್ದಾರೆ’ ಎಂದರು. ಜರ್ಮನ್‌ನಲ್ಲಿ ಆ ಎರಡು ವಾಕ್ಯ ಮಾತ್ರ ತೊಡರದೆ ಬಂದವು.

ಅದರಿಂದ ಪರಿಸ್ಥಿತಿ ಕೆಟ್ಟಿತು. ಉಳಿದ ಫೋಟೋಗಳನ್ನು ಯಾರೂ ನೋಡಲಿಲ್ಲ. ಹಿತ್ತಾಳೆಯ ಪಾತ್ರೆಗಳ ಮುಂದೆ ಒಂದು ನರಪಿಳ್ಳೆ ಇಲ್ಲ. ಎಲ್ಲರೂ ಹಲಗೆಯ ಸುತ್ತ. ಒಬ್ಬ ಕೆನ್ನೆಯನ್ನು ಗೋಡೆಗೆ ಹಚ್ಚಿ ಸಂದಿಯಲ್ಲಿ ಇಣುಕಿದ. ಒಬ್ಬಳು ಮೊಬೈಲ್ ತೂರಿಸಲು ನೋಡಿದಳು. ನಾನು ಕೈಕಟ್ಟಿ ಆ ಸಂದಿಗೆ ಅಡ್ಡವಾಗಿ ನಿಂತೆ; ಕಡೆಯ ಮನುಷ್ಯ ಹೋಗುವ ತನಕ ನಿಂತೇ ಇದ್ದೆ. ಕಾಲು ಹಿಡಿದುಕೊಂಡವು. ಬ್ರೆಟ್ಸೆಲ್ ತಿನ್ನಿ ಎಂದರೂ ಯಾರೂ ಕದಲಲಿಲ್ಲ, ಪೆಟ್ಟಿಗೆಗಟ್ಟಲೆ ಉಳಿದವು. ಕೆಳಗಿನ ಮನೆಯ ಮುದುಕಿ ನನ್ನ ಹತ್ತಿರ ಬಂದು, ಹಲಗೆಯ ಮೂಲೆಯಲ್ಲಿ ಧೂಳಿದೆ ಎಂದಳು.

ಮನೆಗೆ ಹೋಗುವಾಗ ಗೆಳತಿಯನ್ನು ನಮ್ಮಲ್ಲಿಗೇ ಕರೆದೆ. ಅಂಗಡಿಗಳ ಬೀದಿ ಬಿಟ್ಟು ಹಿಂದಿನ ಓಣಿಯಿಂದ ಟ್ರಾಮಿನ ತನಕ ನಡೆಸಿಕೊಂಡು ಬಂದೆ. ಸುತ್ತು ದಾರಿ ಏಕೆಂದು ಗಂಡ ಕೇಳಬಹುದಿತ್ತು. ಮಾತು ಬಿಟ್ಟವರು ಹೇಗೆ ಕೇಳುತ್ತಾರೆ? ಗೆಳತಿ ಸ್ವಲ್ಪ ದೂರ ಬಂದ ಮೇಲೆ, ‘ಔಷಧಿ ಅಂಗಡ್ಯಾಗ ಇನ್ನೂ ಐತಿ ಹೌದಲ್ಲ ಅಕ್ಕಾ?’ ಎಂದಳು.

‘ಸೋಮವಾರ ಮುಂಜಾನೆ ಮೊದಲ ಅದನ್ನ ತಗಸ್ತೀನಿ.’

‘ಆತು ತಗೋರಿ’ ಎಂದಳು. ಸಮಾಧಾನವಾಗಿ ಹೇಳಿದಳೋ, ಸಾಕಾಗಿ ಹೇಳಿದಳೋ ತಿಳಿಯಲಿಲ್ಲ.

ಮನೆಯಲ್ಲಿ ಗಂಡನ ಲ್ಯಾಪ್‌ಟಾಪ್ ಸೋಫಾದ ಮುಂದಿನ ಮೇಜಿನ ಮೇಲಿತ್ತು. ಅದರ ಪರದೆಯ ಮೇಲೂ ಅದೇ ನಗು ಇರುವುದು ನೆನಪಾಗಿ ನಾನು ಧಾವಿಸುವಷ್ಟರಲ್ಲಿ, ಬೂಟನ್ನೂ ಬಿಚ್ಚದೆ ಅವರೇ ಹೋಗಿ ಅದನ್ನು ಎತ್ತಿ ಬೀರುವಿನಲ್ಲಿ ಅಂಗಿಗಳ ಕೆಳಗೆ ಇಟ್ಟು ಬಂದರು. ನಾನು ಒರೆಸಿದ ನೆಲದ ಮೇಲೆ ಬೂಟಿನ ಗುರುತು ಸಾಲಾಗಿ ಬಿತ್ತು.

ಕುಕ್ಕರಿನಲ್ಲಿ ಅನ್ನ ಬೇಳೆ ಇಟ್ಟೆ. ಬೇಳೆ ಸಾರು, ಬೆಳಿಗ್ಗೆ ಹೆಪ್ಪು ಹಾಕಿದ ಮೊಸರು, ಹುಳಿ ಮಾವಿನಕಾಯಿ ಉಪ್ಪಿನಕಾಯಿ. ಮತ್ತೆ ಆ ಬ್ರೆಟ್ಸೆಲ್ಲುಗಳು. ಸಾರಿನಲ್ಲಿ ಅದ್ದಿ ತಿಂದರೆ ಕೆಟ್ಟದ್ದೇನಲ್ಲ. ಮೇಲಿನ ಉಪ್ಪಿನ ಹರಳು ಉದುರಿಸಬೇಕು ಅಷ್ಟೇ. ಗಂಡ ಉದುರಿಸಲಿಲ್ಲ. ಒಂದು ತುತ್ತು ತಿಂದು, ಗೆಳತಿಯ ಕಡೆ ತಿರುಗಿ, ‘ನಿಮ್ಮ ಅಕ್ಕಾಗ ಹೇಳ್ರಿ, ಸಾರಿಗೆ ಉಪ್ಪು ಹೆಚ್ಚಾಗೇತಿ ಅಂತ’ ಎಂದರು.

‘ಅಕ್ಕಾ, ಉಪ್ಪು ಹೆಚ್ಚಾಗೇತಂತ’ ಎಂದಳು ಅವಳು.

‘ಬ್ರೆಟ್ಸೆಲ್ ಯಾರ ತಂದಾರಂತ ಕೇಳ’ ಎಂದೆ.

ಅವಳು ಕೇಳಲಿಲ್ಲ. ಮೊಸರನ್ನ ಕಲಸಿ ಬಟ್ಟಲು ಬಳಿದು ತಿಂದಳು. ಎರಡನೆಯ ಸಲ ಅನ್ನ ಬಡಿಸಲು ನಾನು ಒಳಗೆ ಹೋಗಿ ಬರುವಷ್ಟರಲ್ಲಿ ಸೋಫಾದ ಕೈಗೆ ತಲೆಯಿಟ್ಟು ನಿದ್ದೆ ಹೋಗಿದ್ದಳು. ನೀಲಿ ಅಂಗಿಯಲ್ಲೇ, ಜಪಮಣಿ ಮುಂಗೈಗೆ ಸುತ್ತಿಕೊಂಡು. ಹೊರಗೆ ಇನ್ನೂ ಬೆಳಕಿತ್ತು. ಗಂಡ ಎದ್ದು ಕಿಟಕಿಯ ರೋಲರ್ ಪರದೆಯನ್ನು ಸದ್ದಾಗದಂತೆ ಸ್ವಲ್ಪ ಸ್ವಲ್ಪವೇ ಇಳಿಸಿದರು. ಆಮೇಲೆ ತಾವೂ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿಬಿಟ್ಟರು. ನಾನು ಪಾತ್ರೆ ತೊಳೆದು, ಡಬ್ಬಿಯ ಚೆಂಡು ಹೂವನ್ನು ಬಾಲ್ಕನಿಯ ಕುಂಡದ ಮಣ್ಣಿಗೆ ಹಾಕಿ, ಬೂಟಿನ ಗುರುತು ಒರೆಸಿದೆ.